ನಮ್ಮ ಕೊನೆಯ ಕೋರ್ಟು ಲಂಡನ್ನಿನಲ್ಲಿದ್ದ ಕಾಲ



ಊರಲ್ಲಿ ಅಣ್ಣತಮ್ಮಂದಿರ ನಡುವೆ ಹೊಲದ ಜಗಳ ಬಂದಾಗ "ಸುಪ್ರೀಂ ಕೋರ್ಟಿಗೆ ಹೋದರೂ ಸರಿ, ಬಿಡೋದಿಲ್ಲ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಈ ಮಾತು ಬೇರೆ ಇತ್ತು. ಆಗ ಹಠಮಾರಿ ಕಕ್ಷಿದಾರ ಹೆದರಿಸುತ್ತಿದ್ದುದು "ವಿಲಾಯತಿ ತನಕ ಹೋಗುತ್ತೇನೆ" ಎಂದು. ಅದು ಬರೀ ಬಾಯಿಮಾತಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಐವತ್ತು ವರ್ಷ, ಬ್ರಿಟಿಷ್ ಆಡಳಿತದ ಭಾರತಕ್ಕೆ ಅತ್ಯುನ್ನತ ನ್ಯಾಯಾಲಯ ದಿಲ್ಲಿಯಲ್ಲೂ ಇರಲಿಲ್ಲ, ಕಲ್ಕತ್ತೆಯಲ್ಲೂ ಇರಲಿಲ್ಲ. ಅದು ಸಮುದ್ರದಾಚೆ, ಲಂಡನ್ನಿನಲ್ಲಿತ್ತು. ಅದರ ಹೆಸರು ಪ್ರಿವಿ ಕೌನ್ಸಿಲ್.

ಮುಂಬಯಿ, ಚೆನ್ನೈಗಳ ಹೈಕೋರ್ಟ್ ಕಟ್ಟಡಗಳ ಮುಂದೆ ದಿನವೂ ಓಡಾಡುವ ನಮ್ಮ ಕೇಳುಗರು ಬಹಳ ಮಂದಿ ಇದ್ದಾರೆ. ಆ ಕಟ್ಟಡಗಳಲ್ಲಿ ಸೋತವನ ಮುಂದಿನ ದಾರಿ ಬಂದರಿನ ಕಡೆಗಿತ್ತು. ಆ ದಾರಿ ಹೇಗಿತ್ತು, ಅಲ್ಲಿ ನ್ಯಾಯ ಹೇಗೆ ನಡೆಯುತ್ತಿತ್ತು, ಅದರಿಂದ ಯಾರಿಗೆ ಏನು ಸಿಕ್ಕಿತು ಎಂಬುದೇ ಈ ಸಲದ ವಿಷಯ.

ದೇವರೋ, ಕೋರ್ಟೋ?

ಲಂಡನ್ನಿನ ನ್ಯಾಯಾಧೀಶ ಲಾರ್ಡ್ ಹಾಲ್ಡೇನ್ ಅವರ ಹೆಸರಿನಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಭಾರತದ ಯಾವುದೋ ಮೂಲೆಯಲ್ಲಿ ಒಬ್ಬ ಪ್ರವಾಸಿ ಹೋಗುತ್ತಿದ್ದನಂತೆ. ಅಲ್ಲಿನ ಜನ ಯಾವುದೋ ದೇವರಿಗೆ ಬಲಿ ಕೊಡುತ್ತಿದ್ದರು. ಬಲಾಢ್ಯನೊಬ್ಬ ಕಿತ್ತುಕೊಂಡಿದ್ದ ಅವರ ಭೂಮಿಯನ್ನು ಆ ದೇವರು ಮರಳಿ ಕೊಡಿಸಿತ್ತಂತೆ. ದೇವರ ಹೆಸರೇನು ಎಂದು ಕೇಳಿದರೆ, ಅದು ಗೊತ್ತಿಲ್ಲ, ಬಹಳ ದೂರದಲ್ಲಿದೆ, ಅದನ್ನು ಪ್ರಿವಿ ಕೌನ್ಸಿಲ್ ಎನ್ನುತ್ತಾರೆ ಎಂದರಂತೆ!

ಕಥೆ ನಿಜವೋ ಸುಳ್ಳೋ, ಅದನ್ನು ಹೇಳಿ ಖುಷಿಪಟ್ಟವರು ಇಂಗ್ಲಿಷ್ ನ್ಯಾಯವಾದಿಗಳು. ಆದರೂ ಅದರಲ್ಲಿ ಒಂದು ಸತ್ಯ ಅಡಗಿದೆ. ಬಹುಪಾಲು ಭಾರತೀಯರಿಗೆ ತಮ್ಮ ಕೊನೆಯ ಕೋರ್ಟು ದೇವರಷ್ಟೇ ದೂರದಲ್ಲಿತ್ತು. ಹರಕೆ ಹೊರಬಹುದಿತ್ತು, ಮುಖ ನೋಡುವಂತಿರಲಿಲ್ಲ.

ಕೋರ್ಟಿನಂತೆ ಕಾಣದ ಕೋರ್ಟು

ಪ್ರಿವಿ ಕೌನ್ಸಿಲ್ ಎಂದರೆ ಇಂಗ್ಲೆಂಡಿನ ದೊರೆಯ ಸಲಹಾ ಮಂಡಲಿ. ಸಾಮ್ರಾಜ್ಯದ ಯಾವ ಪ್ರಜೆಯಾದರೂ ಕೊನೆಗೆ ದೊರೆಯ ಪಾದಕ್ಕೆ ಅರ್ಜಿ ಹಾಕಬಹುದು ಎಂಬುದು ಹಳೆಯ ಪದ್ಧತಿ. ಅಂಥ ಅರ್ಜಿಗಳನ್ನು ವಿಚಾರಿಸಲು 1833ರ ಕಾಯ್ದೆಯಿಂದ ಈ ಮಂಡಲಿಯಲ್ಲೇ ಒಂದು ನ್ಯಾಯ ಸಮಿತಿ ಮಾಡಿದರು. ನಾವು ಪ್ರಿವಿ ಕೌನ್ಸಿಲ್ ತೀರ್ಪು ಎಂದು ಹೇಳುವುದೆಲ್ಲ ಈ ಸಮಿತಿಯ ಕೆಲಸ.

ಸಮಿತಿ ಕೂಡುತ್ತಿದ್ದುದು ಡೌನಿಂಗ್ ಸ್ಟ್ರೀಟಿನಲ್ಲಿ, ಬ್ರಿಟನ್ನಿನ ಪ್ರಧಾನಿಯ ಮನೆ ಇರುವ ಅದೇ ಬೀದಿಯಲ್ಲಿ. ಒಳಗೆ ಹೋದವರಿಗೆ ಇದು ಕೋರ್ಟು ಅನ್ನಿಸುತ್ತಿರಲಿಲ್ಲ. ವಕೀಲರು ನಿಲುವಂಗಿ ತೊಟ್ಟು ಬರುತ್ತಿದ್ದರು. ನ್ಯಾಯಾಧೀಶರಿಗೆ ಮಾತ್ರ ನಿಲುವಂಗಿಯಿಲ್ಲ, ಬಿಳಿ ಟೋಪನ್ನಿಲ್ಲ, ಎತ್ತರದ ಪೀಠವೂ ಇಲ್ಲ. ಸಾಮಾನ್ಯವಾಗಿ ಮೂವರಿಂದ ಐವರು ಹಿರಿಯರು ಮಾಮೂಲು ಸೂಟು ಹಾಕಿಕೊಂಡು ಮೇಜಿನ ಮುಂದೆ ಕೂರುತ್ತಿದ್ದರು. ವಾದ ಮುಗಿದ ಮೇಲೆ ಅವರು ಎದ್ದು ಹೋಗುತ್ತಿರಲಿಲ್ಲ. ಉಳಿದವರನ್ನು ಹೊರಗೆ ಕಳಿಸಿ ತಾವು ಅಲ್ಲೇ ಚರ್ಚಿಸುತ್ತಿದ್ದರು.

ಇನ್ನೊಂದು ವಿಶೇಷವೆಂದರೆ ಕಾನೂನಿನ ಲೆಕ್ಕದಲ್ಲಿ ಅವರು ತೀರ್ಪು ಕೊಡುತ್ತಲೇ ಇರಲಿಲ್ಲ, ದೊರೆಗೆ ಸಲಹೆ ಕೊಡುತ್ತಿದ್ದರು. ಅಪೀಲನ್ನು ಒಪ್ಪಬೇಕು ಅಥವಾ ತಳ್ಳಿಹಾಕಬೇಕು ಎಂದು ವಿನಮ್ರವಾಗಿ ಸಲಹೆ ಮಾಡುತ್ತೇವೆ ಎಂಬ ಒಕ್ಕಣೆ ಇರುತ್ತಿತ್ತು. ಆಮೇಲೆ ದೊರೆಯ ಹೆಸರಿನಲ್ಲಿ ಆಜ್ಞೆ ಹೊರಡುತ್ತಿತ್ತು. ದೊರೆ ಆ ಸಲಹೆಯನ್ನು ಮೀರುತ್ತಿರಲಿಲ್ಲ, ಆದ್ದರಿಂದ ಫಲ ಒಂದೇ. ಆದರೆ ಈ ಪದ್ಧತಿಗೆ ಒಂದು ಪರಿಣಾಮವಿತ್ತು. ದೊರೆಗೆ ಕೊಡುವ ಸಲಹೆ ಒಂದೇ ದನಿಯಲ್ಲಿ ಇರಬೇಕು. ಹಾಗಾಗಿ ಐವರಲ್ಲಿ ಇಬ್ಬರು ಒಪ್ಪದಿದ್ದರೂ ಹೊರಗೆ ಗೊತ್ತಾಗುತ್ತಿರಲಿಲ್ಲ. ಇಂದು ನಮ್ಮ ಸುಪ್ರೀಂ ಕೋರ್ಟಿನಲ್ಲಿ ಭಿನ್ನ ಅಭಿಪ್ರಾಯದ ತೀರ್ಪನ್ನು ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕುತ್ತವೆ. ಪ್ರಿವಿ ಕೌನ್ಸಿಲಿನಲ್ಲಿ ಭಿನ್ನಮತ ಪ್ರಕಟಿಸಲು ಅವಕಾಶ ಬಂದದ್ದು 1966ರಲ್ಲಿ. ಅಷ್ಟು ಹೊತ್ತಿಗೆ ಭಾರತ ಅದರಿಂದ ದೂರ ಸರಿದು ಹದಿನೇಳು ವರ್ಷವಾಗಿತ್ತು.

ಧಾರವಾಡದಿಂದ ಡೌನಿಂಗ್ ಸ್ಟ್ರೀಟಿಗೆ

ಧಾರವಾಡದ ಕಡೆಯ ಒಬ್ಬ ಜಮೀನುದಾರರನ್ನು ಊಹಿಸಿಕೊಳ್ಳಿ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತ್ಯದಲ್ಲಿದ್ದವು. ಇವರ ಆಸ್ತಿ ದಾವೆ ಊರ ಕೋರ್ಟಿನಲ್ಲಿ ತೀರ್ಮಾನವಾಗಿ, ಅಲ್ಲಿಂದ ಮುಂಬಯಿ ಹೈಕೋರ್ಟಿಗೆ ಹೋಗಿ, ಅಲ್ಲೂ ಸೋಲಾಯಿತು. ಮುಂದೇನು?

ಮೊದಲು ಹೈಕೋರ್ಟಿನಿಂದಲೇ ಅನುಮತಿ ಪಡೆಯಬೇಕು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ದಾವೆಯ ಬೆಲೆ ಕನಿಷ್ಠ 10,000 ರೂಪಾಯಿ ಇರಬೇಕು. ಶಾಲಾ ಮಾಸ್ತರರಿಗೆ ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಸಂಬಳವಿದ್ದ ಕಾಲದಲ್ಲಿ ಹತ್ತು ಸಾವಿರ! ಅಷ್ಟೇ ಅಲ್ಲ, ಕೆಳಗಿನ ಕೋರ್ಟೂ ಹೈಕೋರ್ಟೂ ಒಂದೇ ತೀರ್ಮಾನಕ್ಕೆ ಬಂದಿದ್ದರೆ ಬೆಲೆಯೊಂದೇ ಸಾಲದು, ಮಹತ್ವದ ಕಾನೂನಿನ ಪ್ರಶ್ನೆಯೂ ಇರಬೇಕು. ಹೈಕೋರ್ಟು ಆಗದು ಎಂದರೆ ನೇರವಾಗಿ ಲಂಡನ್ನಿಗೆ ವಿಶೇಷ ಅನುಮತಿಯ ಅರ್ಜಿ ಹಾಕಬಹುದಿತ್ತು. ಅದಕ್ಕೂ ಖರ್ಚು ಬೇರೆ.

ಅನುಮತಿ ಸಿಕ್ಕಿತು ಎನ್ನಿ. ಎದುರು ಕಕ್ಷಿಯ ಖರ್ಚಿಗೆ ಮುಂಗಡ ಭದ್ರತೆ ಕಟ್ಟಬೇಕು. ಆಮೇಲೆ ಕಾಗದಪತ್ರದ ಕೆಲಸ. ಕನ್ನಡದ ಖರೀದಿಪತ್ರ, ಮರಾಠಿ ಮೋಡಿಯ ಲೆಕ್ಕ, ಸಾಕ್ಷಿ ಹೇಳಿಕೆ, ವಂಶಾವಳಿ ಎಲ್ಲವೂ ಇಂಗ್ಲಿಷಿಗೆ ಅನುವಾದವಾಗಿ, ಅಚ್ಚಾಗಿ, ಪುಸ್ತಕದ ರೂಪದಲ್ಲಿ ಹಡಗು ಹತ್ತಬೇಕು. ಸೂಯೆಜ್ ಕಾಲುವೆಯ ದಾರಿಯಲ್ಲಿ ಮುಂಬಯಿಯಿಂದ ಲಂಡನ್ನಿಗೆ ಎರಡು ಮೂರು ವಾರ. ಅಲ್ಲಿ ಒಬ್ಬ ಸಾಲಿಸಿಟರ್ ಬೇಕು, ವಾದಿಸಲು ಒಬ್ಬ ಬ್ಯಾರಿಸ್ಟರ್ ಬೇಕು. ಭಾರತದ ಅಪೀಲುಗಳನ್ನೇ ನಂಬಿ ಬದುಕುತ್ತಿದ್ದ ವಕೀಲರ ಒಂದು ಗುಂಪೇ ಲಂಡನ್ನಿನಲ್ಲಿತ್ತು. ಹಿಂದೂ ಕಾನೂನಿನ ಮೇಲೆ ಪ್ರಸಿದ್ಧ ಗ್ರಂಥ ಬರೆದ ಜಾನ್ ಮೇಯ್ನ್ ಮದರಾಸಿನಲ್ಲಿ ವಕೀಲಿ ಮಾಡಿ, ಆಮೇಲೆ ಅಲ್ಲಿ ಹೆಸರು ಮಾಡಿದವರು.

ಎರಡೂ ಕಡೆಯವರು ತಮ್ಮ ವಾದದ ಸಾರಾಂಶವನ್ನು ಅಚ್ಚು ಮಾಡಿಸಿ ಕೊಟ್ಟ ಮೇಲೆ ಸರದಿ ಬರುತ್ತಿತ್ತು. ಇಷ್ಟೆಲ್ಲ ಆಗುವುದರಲ್ಲಿ ವರ್ಷಗಳು ಉರುಳಿರುತ್ತಿದ್ದವು. ದಾವೆ ಹೂಡಿದ ತಂದೆ ತೀರಿಕೊಂಡು ಮಗ ಮುಂದುವರಿಸುವುದು ಅಪರೂಪವೇನೂ ಆಗಿರಲಿಲ್ಲ. ಇನ್ನು, ಕೆಳಗಿನ ಎರಡು ಕೋರ್ಟುಗಳು ಯಾವುದಾದರೂ ಸಂಗತಿ ನಡೆದದ್ದು ಹೌದು ಎಂದು ಒಪ್ಪಿದ್ದರೆ ಪ್ರಿವಿ ಕೌನ್ಸಿಲ್ ಸಾಮಾನ್ಯವಾಗಿ ಅದನ್ನು ಕೆದಕುತ್ತಿರಲಿಲ್ಲ. ಸಾಕ್ಷಿಯ ಮುಖ ನೋಡದೆ ಅನುವಾದ ಮಾತ್ರ ಓದುವವರಿಗೆ ಅದು ವಿವೇಕದ ನಿಯಮವೇ ಆಗಿತ್ತು.

ಇಲ್ಲೊಂದು ಮಾತು ನೆನಪಿಡಬೇಕು. ಈ ದಾರಿ ಎಲ್ಲ ಕನ್ನಡಿಗರಿಗೂ ಇರಲಿಲ್ಲ. ಮಂಗಳೂರು, ಬಳ್ಳಾರಿಯವರು ಮದರಾಸಿನ ಮೂಲಕ ಲಂಡನ್ನಿಗೆ ಹೋಗಬಹುದಿತ್ತು. ಮೈಸೂರು ಸಂಸ್ಥಾನದ ಪ್ರಜೆಗಳಿಗೆ ಬೆಂಗಳೂರಿನಲ್ಲೇ 1884ರಿಂದ ಚೀಫ್ ಕೋರ್ಟ್ ಇತ್ತು, 1930ರಲ್ಲಿ ಅದೇ ಹೈಕೋರ್ಟ್ ಆಯಿತು. ಅಲ್ಲಿಂದ ಲಂಡನ್ನಿಗೆ ಅಪೀಲಿಲ್ಲ. ಕಲಬುರ್ಗಿ, ರಾಯಚೂರು, ಬೀದರಿನವರದು ನಿಜಾಮರ ನ್ಯಾಯವ್ಯವಸ್ಥೆ. ಹೀಗೆ ಒಂದೇ ಭಾಷೆಯ ಜನಕ್ಕೆ ನ್ಯಾಯದ ಕೊನೆಯ ಮೆಟ್ಟಿಲು ಬೇರೆ ಬೇರೆ ಊರುಗಳಲ್ಲಿತ್ತು.

ಕಲ್ಯಾಣದ ಗ್ರಂಥ, ಲಂಡನ್ನಿನ ಮೇಜು

ಲಂಡನ್ನಿಗೆ ಹೋದ ಭಾರತದ ವ್ಯಾಜ್ಯಗಳಲ್ಲಿ ಆಸ್ತಿ ಪಾಲು, ದತ್ತಕ, ವಿಧವೆಯ ಹಕ್ಕು, ಮಠ ದೇವಸ್ಥಾನದ ಜಮೀನು ಇಂಥವೇ ಹೆಚ್ಚು. ಇವನ್ನು ತೀರ್ಮಾನಿಸಲು ಹಿಂದೂ ಧರ್ಮಶಾಸ್ತ್ರ ಗೊತ್ತಿರಬೇಕು. ಅವುಗಳಲ್ಲಿ ಮುಖ್ಯವಾದದ್ದು ವಿಜ್ಞಾನೇಶ್ವರನ ಮಿತಾಕ್ಷರ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಬರೆದ ಗ್ರಂಥ ಅದು. ಕನ್ನಡ ನೆಲದಲ್ಲಿ ಹುಟ್ಟಿದ ಆ ಸಂಸ್ಕೃತ ಗ್ರಂಥವನ್ನು ಡೌನಿಂಗ್ ಸ್ಟ್ರೀಟಿನವರು ಓದುತ್ತಿದ್ದುದು ಕೋಲ್‌ಬ್ರೂಕ್ 1810ರಲ್ಲಿ ಮಾಡಿದ ಇಂಗ್ಲಿಷ್ ಅನುವಾದದಲ್ಲಿ. ಸಂಸ್ಕೃತವೂ ಬಾರದ, ಕೂಡುಕುಟುಂಬವನ್ನೂ ಕಾಣದ ಹಿರಿಯರು, ಅನುವಾದದ ಒಂದು ಶಬ್ದದ ಮೇಲೆ ನಮ್ಮ ಮನೆಗಳ ಪಾಲುಪಟ್ಟಿ ನಿರ್ಧರಿಸುತ್ತಿದ್ದರು.

ಅವರು ಪೂರಾ ಕಣ್ಣುಮುಚ್ಚಿ ನಡೆದರು ಎಂದೂ ಹೇಳುವಂತಿಲ್ಲ. 1868ರ ರಾಮನಾಡು ಮೊಕದ್ದಮೆಯಲ್ಲೇ, ರೂಢಿ ಸ್ಪಷ್ಟವಾಗಿ ಸಾಬೀತಾದರೆ ಅದು ಗ್ರಂಥದ ಮಾತಿಗಿಂತ ಮೇಲು ಎಂದು ಪ್ರಿವಿ ಕೌನ್ಸಿಲ್ ಹೇಳಿತ್ತು. ಭಾರತೀಯರೂ ನಿಧಾನವಾಗಿ ಆ ಮೇಜಿನ ಮುಂದೆ ಬಂದು ಕೂತರು. ಕಲ್ಕತ್ತಾ ಹೈಕೋರ್ಟಿನಲ್ಲಿದ್ದ ಸೈಯದ್ ಅಮೀರ್ ಅಲಿ 1909ರಲ್ಲಿ ಸಮಿತಿಗೆ ಸೇರಿದ ಮೊದಲ ಭಾರತೀಯರು. ಮುಂದೆ ವಕೀಲರೆಲ್ಲರ ಮೇಜಿನ ಮೇಲಿರುವ ಕಾನೂನು ಪುಸ್ತಕಗಳ ಕರ್ತೃ, ಮುಂಬಯಿಯ ಸರ್ ದಿನ್‌ಶಾ ಮುಲ್ಲಾ, ಲಾಹೋರಿನ ಸರ್ ಶಾದಿಲಾಲ್, ಎಂ.ಆರ್. ಜಯಕರ್, ಮದರಾಸಿನ ಸಿ. ಮಾಧವನ್ ನಾಯರ್ ಮೊದಲಾದವರು ಬಂದರು.

ಕೊಟ್ಟದ್ದೇನು, ಕೆಡಿಸಿದ್ದೇನು

ಮೂರು ಉದಾಹರಣೆ ನೋಡೋಣ.

ಮೊದಲನೆಯದು 1903ರ ಮೋಹರಿ ಬೀಬಿ ಮೊಕದ್ದಮೆ. ಕಲ್ಕತ್ತೆಯ ಧರ್ಮದಾಸ್ ಘೋಷ್ ಎಂಬ ಹುಡುಗ ವಯಸ್ಸಿಗೆ ಬರುವ ಮೊದಲೇ ಮನೆ ಅಡಮಾನ ಇಟ್ಟು 20,000 ರೂಪಾಯಿಗೆ ಪತ್ರ ಬರೆದುಕೊಟ್ಟಿದ್ದ. ಸಾಲ ಕೊಡುವವನ ಪರ ವ್ಯವಹಾರ ಮಾಡಿದವರಿಗೆ ಅವನು ಅಪ್ರಾಪ್ತ ಎಂಬುದು ತಿಳಿದಿತ್ತು. ಅಪ್ರಾಪ್ತ ವಯಸ್ಕನ ಕರಾರು ಮೊದಲಿನಿಂದಲೇ ಅನೂರ್ಜಿತ ಎಂದು ಪ್ರಿವಿ ಕೌನ್ಸಿಲ್ ಸಾರಿತು. ಇವತ್ತು ಯಾವ ಕಾನೂನು ಕಾಲೇಜಿಗೆ ಹೋಗಿ ಕೇಳಿದರೂ ಹುಡುಗರು ಈ ಹೆಸರು ಹೇಳುತ್ತಾರೆ.

ಎರಡನೆಯದು ತಪ್ಪಿದ ಉದಾಹರಣೆ. ಮುಸ್ಲಿಂ ಕುಟುಂಬಗಳಲ್ಲಿ ಆಸ್ತಿಯನ್ನು ವಕ್ಫ್ ಮಾಡಿ, ಅದರ ಆದಾಯ ಮೊದಲು ಮಕ್ಕಳು ಮೊಮ್ಮಕ್ಕಳಿಗೆ, ಕೊನೆಗೆ ಬಡವರಿಗೆ ಸಲ್ಲುವಂತೆ ಬರೆಯುವ ರೂಢಿ ಇತ್ತು. ಇದು ಇಸ್ಲಾಮಿಕ್ ಕಾನೂನಿಗೆ ಸರಿ ಎಂದು ಅಮೀರ್ ಅಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದಾಗ ವಾದಿಸಿದ್ದರು. 1894ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಒಪ್ಪಲಿಲ್ಲ, ಬಡವರಿಗೆ ಸಲ್ಲುವ ಪಾಲು ಬರೀ ನೆಪ ಎಂದಿತು. ಸಮುದಾಯದಲ್ಲಿ ದೊಡ್ಡ ಅಸಮಾಧಾನವಾಯಿತು. ಕೊನೆಗೆ ಮುಂಬಯಿಯ ಯುವ ಬ್ಯಾರಿಸ್ಟರ್ ಮಹಮ್ಮದ್ ಅಲಿ ಜಿನ್ನಾ ಶಾಸನ ಸಭೆಯಲ್ಲಿ ಮಸೂದೆ ತಂದು, 1913ರ ಕಾಯ್ದೆಯಿಂದ ಅದನ್ನು ಸರಿಪಡಿಸಬೇಕಾಯಿತು. ಆ ಹತ್ತೊಂಬತ್ತು ವರ್ಷದಲ್ಲಿ ನೆಲೆ ತಪ್ಪಿದ ಕುಟುಂಬಗಳಿಗೆ ಯಾವ ದೂರದ ದೇವರೂ ನೆರವಾಗಲಿಲ್ಲ.

ಮೂರನೆಯದು ಮುಂಬಯಿ ಪ್ರಾಂತ್ಯದ್ದು, 1933ರಲ್ಲಿ ವರದಿಯಾದ ಭೀಮಾಬಾಯಿ ವಿರುದ್ಧ ಗುರುನಾಥಗೌಡ ಮೊಕದ್ದಮೆ. ಹೆಸರು ಕೇಳಿದರೇ ನಮ್ಮ ಊರುಗಳ ಗೌಡರ ವಾಡೆ ಕಣ್ಣ ಮುಂದೆ ಬರುತ್ತದೆ. ಕೂಡುಕುಟುಂಬದಲ್ಲಿ ಗಂಡ ತೀರಿಕೊಂಡರೆ, ಅವನ ಒಪ್ಪಿಗೆಯಾಗಲಿ ಭಾವ ಮೈದುನರ ಒಪ್ಪಿಗೆಯಾಗಲಿ ಇಲ್ಲದೆ ಹೆಂಡತಿ ದತ್ತು ತೆಗೆದುಕೊಳ್ಳಬಹುದೇ? ಆಗದು ಎಂದು 1926ರಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣಪೀಠ ಹೇಳಿತ್ತು. ಆಗುತ್ತದೆ ಎಂದು ಪ್ರಿವಿ ಕೌನ್ಸಿಲ್ ಹೇಳಿತು. ಮನೆಯ ಗಂಡಸರ ಮರ್ಜಿಯಲ್ಲಿ ಬದುಕಬೇಕಾಗಿದ್ದ ವಿಧವೆಗೆ ಇದು ಸಣ್ಣ ಸಂಗತಿಯಲ್ಲ. ದೂರದಲ್ಲಿ ಕೂತವರಿಗೆ ಇಲ್ಲಿನ ಗೌಡಕಿ, ವತನಗಳ ದಾಕ್ಷಿಣ್ಯ ಇರಲಿಲ್ಲ ಎಂಬುದು ಇಂಥ ಕಡೆ ಒಳ್ಳೆಯದೂ ಆಯಿತು.

ಪ್ರಾಣ ಪಣಕ್ಕಿದ್ದಾಗ

ಆಸ್ತಿಯ ವಿಷಯದಲ್ಲಿ ಇಷ್ಟು ವಿವರವಾಗಿ ನೋಡುತ್ತಿದ್ದ ಸಮಿತಿ, ಕ್ರಿಮಿನಲ್ ಮೊಕದ್ದಮೆ ಬಂದರೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ತಾನು ಕ್ರಿಮಿನಲ್ ಅಪೀಲು ಕೋರ್ಟಲ್ಲ, ನ್ಯಾಯದ ಮೂಲಕ್ಕೇ ಧಕ್ಕೆಯಾಗಿ ಘೋರ ಅನ್ಯಾಯವಾಗಿದ್ದರೆ ಮಾತ್ರ ಕೈಹಾಕುತ್ತೇನೆ ಎಂಬುದು ಅದರ ನಿಲುವು.

ಲೋಕಮಾನ್ಯ ತಿಲಕರು ಎರಡು ಸಲ ಈ ಬಾಗಿಲು ತಟ್ಟಿದರು. 1897ರ ರಾಜದ್ರೋಹದ ಶಿಕ್ಷೆಯ ವಿರುದ್ಧ ಅವರ ಪರ ಲಂಡನ್ನಿನಲ್ಲಿ ವಾದಿಸಿದವರು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಆಸ್ಕ್ವಿತ್. ಅಪೀಲಿಗೆ ಅನುಮತಿ ಸಿಗಲಿಲ್ಲ. 1908ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಜ್ಯೂರಿ 7–2ರಿಂದ ತಪ್ಪಿತಸ್ಥ ಎಂದಾಗ ಆರು ವರ್ಷದ ಗಡೀಪಾರು. ಮತ್ತೆ ಲಂಡನ್ನಿಗೆ ಅರ್ಜಿ ಹೋಯಿತು, ಮತ್ತೆ ಇಲ್ಲ ಎಂಬ ಉತ್ತರ. ತಿಲಕರು ಮಂಡಾಲೆಯಲ್ಲಿ ಶಿಕ್ಷೆ ಅನುಭವಿಸಿದರು. ಆ ವಿಚಾರಣೆ ನಡೆದ ಕೋರ್ಟಿನ ಹೊರಗೆ, ಶಿಕ್ಷೆಗೆ ಮೊದಲು ಅವರು ಆಡಿದ ಮಾತುಗಳ ಫಲಕ 1956ರಿಂದ ಇದೆ. ಮುಂಬಯಿಯ ಕೇಳುಗರಲ್ಲಿ ಕೆಲವರಾದರೂ ಅದನ್ನು ನೋಡಿರಬಹುದು.

ಭಗತ್ ಸಿಂಗ್ ಅವರ ವಿಷಯ ಇನ್ನೂ ಕಠಿಣ. 1930ರಲ್ಲಿ ವೈಸರಾಯ್ ಒಂದು ಸುಗ್ರೀವಾಜ್ಞೆ ಹೊರಡಿಸಿ ಲಾಹೋರ್ ಮೊಕದ್ದಮೆಗೆ ವಿಶೇಷ ನ್ಯಾಯಮಂಡಲಿ ರಚಿಸಿದರು. ಅದರ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲಿರಲಿಲ್ಲ. ಉಳಿದದ್ದು ಲಂಡನ್ ಒಂದೇ. ಅಂಥ ಸುಗ್ರೀವಾಜ್ಞೆ ತರುವ ತುರ್ತು ಎಲ್ಲಿತ್ತು ಎಂಬುದು ವಕೀಲ ಡಿ.ಎನ್. ಪ್ರಿಟ್ ಅವರ ಪ್ರಶ್ನೆ. ತುರ್ತು ಇದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಗವರ್ನರ್ ಜನರಲ್ ಮಾತ್ರ ಎಂದು ಪ್ರಿವಿ ಕೌನ್ಸಿಲ್ 1931ರ ಫೆಬ್ರವರಿಯಲ್ಲಿ ಅನುಮತಿ ನಿರಾಕರಿಸಿತು. ಮಾರ್ಚ್ 23ರಂದು ಗಲ್ಲು. ಜಮೀನಿನ ಗಡಿಗೆ ಕಿವಿಗೊಟ್ಟ ಮೇಜು, ಸರಕಾರದ ಅಧಿಕಾರದ ಗಡಿ ಎಲ್ಲಿ ಎಂಬ ಪ್ರಶ್ನೆಗೆ ಕಿವಿಗೊಡಲಿಲ್ಲ.

ಕೊನೆಯ ಮಾತು ಮನೆಗೆ ಬಂತು

ಅತ್ಯುನ್ನತ ನ್ಯಾಯಾಲಯ ನಮ್ಮ ದೇಶದಲ್ಲೇ ಇರಬೇಕು ಎಂದು ಹರಿಸಿಂಗ್ ಗೌರ್ 1921ರಲ್ಲಿ ಕೇಂದ್ರ ಶಾಸನ ಸಭೆಯಲ್ಲಿ ಕೇಳಿದರು. ವಿಚಿತ್ರವೆಂದರೆ ಭಾರತೀಯ ವಕೀಲರಲ್ಲೇ ಅನೇಕರಿಗೆ ಅದು ಬೇಕಿರಲಿಲ್ಲ. ಇಲ್ಲಿ ಕೋರ್ಟು ಮಾಡಿದರೆ ಸರಕಾರ ತನಗೆ ಬೇಕಾದವರನ್ನು ಕೂರಿಸೀತು, ಲಂಡನ್ನಿನವರು ಕೊನೆಗೆ ಇಲ್ಲಿನ ಅಧಿಕಾರಿಗಳ ಕೈಯಳತೆಯಲ್ಲಿಲ್ಲವಲ್ಲ ಎಂಬ ಅಳುಕು.

1937ರ ಅಕ್ಟೋಬರ್ 1ರಂದು ದಿಲ್ಲಿಯಲ್ಲಿ ಫೆಡರಲ್ ಕೋರ್ಟ್ ಶುರುವಾಯಿತು. ಮುಖ್ಯ ನ್ಯಾಯಮೂರ್ತಿ ಸರ್ ಮಾರಿಸ್ ಗ್ವಾಯರ್, ಜೊತೆಗೆ ಸುಲೈಮಾನ್ ಮತ್ತು ಜಯಕರ್. ಆದರೂ ಅದರ ಮೇಲೆ ಪ್ರಿವಿ ಕೌನ್ಸಿಲ್ ಇದ್ದೇ ಇತ್ತು. ಸ್ವಾತಂತ್ರ್ಯ ಬಂದ ಮರುದಿನವೇ ಅದು ಹೋಗಲಿಲ್ಲ. 1949ರ ಅಕ್ಟೋಬರ್ 10ರಿಂದ ಜಾರಿಗೆ ಬಂದ ಕಾಯ್ದೆ ಆ ಅಧಿಕಾರವನ್ನು ಕೊನೆಗೊಳಿಸಿತು. 1950ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬಂತು. ಮಾರಿಷಸ್, ಜಮೈಕಾದಂಥ ಕೆಲವು ದೇಶಗಳಿಗೆ ಪ್ರಿವಿ ಕೌನ್ಸಿಲ್ಲೇ ಇಂದಿಗೂ ಕೊನೆಯ ಕೋರ್ಟು. 2009ರಿಂದ ಅದು ಡೌನಿಂಗ್ ಸ್ಟ್ರೀಟ್ ಬಿಟ್ಟು ಪಾರ್ಲಿಮೆಂಟ್ ಚೌಕದ ಕಟ್ಟಡದಲ್ಲಿದೆ. ಸುಪ್ರೀಂ ಕೋರ್ಟು ಬೇರೆ ಹೇಳದ ಕಡೆಗಳಲ್ಲಿ ಅದರ ಹಳೆಯ ತೀರ್ಪುಗಳನ್ನು ನಮ್ಮ ವಕೀಲರು ಈಗಲೂ ಉಲ್ಲೇಖಿಸುತ್ತಾರೆ.

ದೂರ ಎಂದರೆ ಮೈಲಿ ಮಾತ್ರವಲ್ಲ

ಈ ಹಳೆಯ ಕಥೆಯನ್ನು ಈಗ ಏಕೆ ಹೇಳಬೇಕು? ದೂರದ ಪ್ರಶ್ನೆ ಇನ್ನೂ ಮುಗಿದಿಲ್ಲ, ಅದಕ್ಕೆ. ಬೆಂಗಳೂರಿಗೆ ವಾಯಿದೆಗೆ ಹೋಗಿ ಬರುವುದೇ ದೊಡ್ಡ ಹೊರೆ ಎಂದು ಉತ್ತರ ಕರ್ನಾಟಕದವರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರಲ್ಲಿ ಧಾರವಾಡ, ಕಲಬುರ್ಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ಸುಪ್ರೀಂ ಕೋರ್ಟಿನ ಮೇಲ್ಮನವಿ ಪೀಠಗಳು ದಕ್ಷಿಣದಲ್ಲೂ ಮುಂಬಯಿಯಲ್ಲೂ ಇರಲಿ ಎಂದು ಕಾನೂನು ಆಯೋಗ 2009ರಲ್ಲಿ ಶಿಫಾರಸು ಮಾಡಿತು. ಸಂವಿಧಾನದ 130ನೆಯ ವಿಧಿಯಲ್ಲಿ ದಿಲ್ಲಿಯ ಹೊರಗೆ ಕೂಡಲು ಅವಕಾಶವೂ ಇದೆ. ಅದಿನ್ನೂ ಆಗಿಲ್ಲ. 2020ರಿಂದ ವಿಡಿಯೋ ಮೂಲಕ ವಾದಿಸುವ ಅನುಕೂಲ ಬಂದಿದೆ ಎಂಬುದು ಸಮಾಧಾನದ ಸಂಗತಿ.

ಪ್ರಿವಿ ಕೌನ್ಸಿಲಿನ ಕಥೆ ತಿಳಿಸುವುದು ಇಷ್ಟು. ಕೋರ್ಟಿನ ದೂರವನ್ನು ಹಡಗಿನ ದಿನಗಳಲ್ಲಿ ಮಾತ್ರ ಅಳೆಯಬಾರದು. ಹತ್ತು ಸಾವಿರದ ಗೆರೆಯೂ ದೂರವೇ, ಬಾರದ ಭಾಷೆಯೂ ದೂರವೇ, ಸರಕಾರವನ್ನು ಪ್ರಶ್ನಿಸಲು ಹಿಂಜರಿಯುವ ಮನಸ್ಸೂ ದೂರವೇ. ಮೊದಲನೆಯ ದೂರವನ್ನು ವಿಮಾನ, ಕಂಪ್ಯೂಟರು ಕಡಿಮೆ ಮಾಡಿವೆ. ಉಳಿದವನ್ನು ಕಡಿಮೆ ಮಾಡಬೇಕಾದವರು ನ್ಯಾಯ ಕೊಡುವವರು ಮತ್ತು ಕೇಳುವ ನಾವು.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕೋರ್ಟು ಕಾಗದ ಇದ್ದರೆ, ಹಿರಿಯರಿಂದ ಇಂಥ ವ್ಯಾಜ್ಯದ ಕಥೆ ಕೇಳಿದ್ದರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ಕೇಳುತ್ತಾ ಇರಿ, ಮನೆಯಲ್ಲಿ ಕನ್ನಡ ಆಡುತ್ತಾ ಇರಿ.